ದುರ್ಗಕ್ಕನ ಕಾರಿಗೆ ಬೇರೆ ಇಂಜಿನ್

ನನಗೆ, ಅಂದರೆ ಈ ಹುಲುಗೇಶನಿಗೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಂಪ್ಲಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಒಳ್ಳೆಯ ಇಂಜಿನ್ ಒಂದನ್ನು ಕೊಂದು ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರೆ ನಾನೇನು ಭಜನೆ ಮಾಡಲೇ? ಮೆಕ್ಯಾನಿಕ್ ನಾನು, ಸನ್ಯಾಸಿಯಲ್ಲ.

ಆಯುಧಪೂಜೆ ಮುಗಿದ ಮೇಲೆ ದುರ್ಗಕ್ಕನ ಕಾರನ್ನು ಸಂಡೂರಿನ ಗುಡ್ಡದಿಂದ ಲಾರಿಯ ಹಿಂದೆ ಕಟ್ಟಿ ಎಳೆದುಕೊಂಡು ಬಂದರು. ದುರ್ಗಕ್ಕ ಮೆಟ್ರಿ ಎಂಬ ಹಳ್ಳಿಯವಳು. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೊಡೆದು ಸ್ಟೇರಿಂಗ್ ಕಲಿತವಳು. ಹಂಪಿಯ ಗೆಸ್ಟ್ ಹೌಸಿನವರು ಓಡಿಸಿ ಬಿಟ್ಟ ಹಳೆಯ ದೊಡ್ಡ ಕಾರನ್ನು ಕೊಂಡು, ಊರಿನ ಹೆಣ್ಣುಮಕ್ಕಳನ್ನು ದಿನಾ ಕಂಪ್ಲಿಯ ಕಾಲೇಜಿಗೆ ಕರೆತರುತ್ತಾಳೆ. ಬಸ್ಸು ಮೆಟ್ರಿಯಲ್ಲಿ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ದುರ್ಗಕ್ಕ ಇದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ ಅಪ್ಪಂದಿರು ಮಕ್ಕಳನ್ನು ಓದಲು ಬಿಟ್ಟಿದ್ದರು. ರಜೆ ಇದೆ, ಗುಡ್ಡ ಹಸಿರಾಗಿದೆ, ತೋರಿಸು ಎಂದು ಹುಡುಗಿಯರು ಗಂಟುಬಿದ್ದಿದ್ದಕ್ಕೆ ಅವಳು ಸಂಡೂರಿಗೆ ಹೊರಟಿದ್ದಳು.

ಕಾರಿನ ಮುಂಭಾಗ ನೋಡಿ ನನ್ನ ತಲೆ ಗಿರ್ರೆಂದಿತು. ಅಡ್ಡಡ್ಡ ಬಾಳೆಕಂದು, ಅದರ ಮೇಲೆ ನನ್ನ ತೊಡೆ ದಪ್ಪದ ಚೆಂಡು ಹೂವಿನ ಹಾರ, ಸುತ್ತಿನ ಮೇಲೆ ಸುತ್ತು. ರೇಡಿಯೇಟರಿಗೆ ಗಾಳಿ ಹೋಗಲು ಬೆರಳು ತೂರುವಷ್ಟೂ ಜಾಗವಿಲ್ಲ. ಬಿಸಿ ತೋರಿಸುವ ಮುಳ್ಳು ಹಂಪಿಯವರ ಕಾಲದಲ್ಲೇ ಸತ್ತಿತ್ತು. ಏರಿನಲ್ಲಿ ನೀರೆಲ್ಲ ಕುದಿದು ಹಾರಿ, ಇಂಜಿನ್ ಒಳಗೊಳಗೇ ಸುಟ್ಟು ಬಿಗಿದುಕೊಂಡಿತ್ತು. ನಟ್ಟು ತಿರುಗಿಸುವ ಪಾನಾ ಹಾಕಿ ಮೈಭಾರವನ್ನೆಲ್ಲ ಬಿಟ್ಟರೂ ಅದು ಮಿಸುಕಲಿಲ್ಲ.

"ಯಾವ ಪುಣ್ಯಾತ್ಮ ಅಕ್ಕಾ ಇದನ್ನ ಕಟ್ಟಿದ್ದು?" ಎಂದು ಹಾರ ಕಿತ್ತು ಮೂಲೆಗೆ ಎಸೆದೆ.

"ಪಾಲಪ್ಪಣ್ಣ. ಆತನ ಹೊಲದ ಹೂವು. ಒಣಗಿ ತಾನ ಉದುರೋ ತನಕ ಬಿಚ್ಚಬ್ಯಾಡ ಅಂದ. ಮಗಳು ಕುಂತು ಹೋಗೋ ಗಾಡಿ ಅಂತ ಪ್ರೀತಿಲೆ ಕಟ್ಯಾನ, ಹೆಂಗ ಬಿಚ್ಚಲಿ?"

ಮಾತು ಮುಗಿಯುವಷ್ಟರಲ್ಲಿ ಪಾಲಪ್ಪನೇ ಬಂದ, ಊರಿನ ನಾಲ್ಕಾರು ಜನರನ್ನು ಬೆನ್ನಿಗೆ ಹಾಕಿಕೊಂಡು.

"ನಡುಗುಡ್ಡದಾಗ ನನ್ನ ಮಗಳನ್ನ ಬೀದಿಗೆ ನಿಲ್ಲಿಸಿದ್ಯಲ್ಲವ್ವ! ಹೆಣ್ಮಗಳ ಕೈಯಾಗ ಗಾಡಿ ಇದ್ರ ಹಿಂಗ ಆಗೋದು. ಗಂಗೋತ್ರಿ ಇನ್ನ ಕಾಲೇಜಿಗೆ ಬರಂಗಿಲ್ಲ."

ಉಳಿದವರೂ ತಲೆಯಾಡಿಸಿದರು. ಪರೀಕ್ಷೆ ಹತ್ತಿರದಲ್ಲಿತ್ತು. ಗಂಗೋತ್ರಿ ನಿಂತರೆ ಮಿಕ್ಕ ಹುಡುಗಿಯರೂ ಮನೆಯಲ್ಲಿ ಕೂರುತ್ತಾರೆಂದು ನನಗೂ ಗೊತ್ತಿತ್ತು. ಎಲಾ ಇವನ! ಎಂದುಕೊಂಡು ಆ ಹಾರವನ್ನು ಅವನ ಕೊರಳಿಗೇ ಹಾಕೋಣವೆಂದು ಮೂಲೆಗೆ ಹೊರಟೆ. ದುರ್ಗಕ್ಕ ನನ್ನ ರಟ್ಟೆ ಹಿಡಿದಳು.

"ತಪ್ಪು ನಂದಣ್ಣ. ಗಾಡಿ ಹೆಂಗೈತಿ ಅಂತ ನಾ ನೋಡ್ಕೋಬೇಕಿತ್ತು. ಬೇರೆ ಇಂಜಿನ್ ಹಾಕ್ಸಿ ತರ್ತೀನಿ. ಆಮ್ಯಾಲ ಮಾತಾಡು."

"ಅದ ಗುಡ್ಡ ಹತ್ತಿಸಿ ತೋರ್ಸು. ಆಮ್ಯಾಲ ನೋಡಾಣ," ಎಂದು ಪಾಲಪ್ಪ ಟವೆಲ್ ಕೊಡವಿ ಹೋದ.

ಅವರು ಹೋದದ್ದೇ ತಡ ನಾನು ರೇಗಿದೆ. "ಹುಚ್ಚು ಗಿಚ್ಚು ಹಿಡದೈತೇನಕ್ಕಾ ನಿನಗ? ಆತ ಮಾಡಿದ್ದು ನೀ ಯಾಕ ಮೈಮ್ಯಾಲ ಹಾಕ್ಕೊಂಡಿ?"

"ಮಂದಿ ಮುಂದ ಆತನ ಮಾನ ಕಳದ್ರ ಆ ಸಿಟ್ಟು ಯಾರ ಮ್ಯಾಲ ಹೋಗ್ತದ? ಆ ಹುಡುಗಿ ಮ್ಯಾಲ. ನನ್ನ ಹೆಸರು ಕೆಟ್ರ ಕೆಡ್ಲಿ. ನೀ ಮೊದಲು ಇಂಜಿನ್ ಬಿಚ್ಚು."

ಬಿಚ್ಚಿದೆ. ಗೊಣಗುತ್ತಲೇ ಬಿಚ್ಚಿದೆ.

ಬೇರೆ ಇಂಜಿನ್ನಿಗೆ ಇಬ್ಬರೂ ಹೊಸಪೇಟೆಯ ಗುಜರಿಗೆ ಹೋದೆವು. ಅಂಗಡಿಯವನು ಫಳಫಳ ತೊಳೆದಿಟ್ಟ ಇಂಜಿನ್ ತೋರಿಸಿ "ಮಸ್ತ್ ಮಾಲು ಅಕ್ಕಾ, ಹೊಸದಿದ್ದಂಗ ಐತಿ" ಎಂದು ಹೊಗಳಿದ. ದುರ್ಗಕ್ಕ ಅದರ ಎಣ್ಣೆಯ ಮುಚ್ಚಳ ತೆಗೆದು ಬೆರಳಾಡಿಸಿದಳು. ಒಳಗೆ ಮಜ್ಜಿಗೆಯಂಥ ಬಿಳಿ ನೊರೆ. "ಇದರ ಹೊಟ್ಯಾಗ ನೀರು ಹೋಗೈತಿ ತಮ್ಮಾ," ಎಂದು ಮುಂದೆ ನಡೆದಳು. ನಾನು ಹೇಳಬೇಕಾದ ಮಾತನ್ನು ಅವಳೇ ಹೇಳಿಬಿಟ್ಟಿದ್ದಳು. ಕೊನೆಗೆ ಧೂಳು ತಿನ್ನುತ್ತಿದ್ದ ಒಂದನ್ನು ಇಬ್ಬರೂ ಒಪ್ಪಿದೆವು.

ಶೆಡ್ಡಿನ ತೊಲೆಗೆ ಸರಪಳಿ ಹಾಕಿ ಇಂಜಿನ್ ಎತ್ತಿ ಇಳಿಬಿಟ್ಟೆ. ಅದು ಗೇರ್ ಬಾಕ್ಸಿಗೆ ಕೂಡಿಕೊಳ್ಳಲೇ ಒಲ್ಲದು. ದುರ್ಗಕ್ಕ ಸೀರೆಯ ಸೆರಗು ಬಿಗಿದು ಕಾರಿನ ಕೆಳಗೆ ಮಲಗಿದಳು. ಮುಖಕ್ಕೆ ಎಣ್ಣೆ ತೊಟ್ಟಿಕ್ಕುತ್ತಿದ್ದರೂ "ಚೂರು ಎಡಕ್ಕ... ಇಳಸು... ನಿಲ್ಲು" ಎಂದು ಹೇಳುತ್ತಲೇ ಇದ್ದಳು. ಸಾಕಾಗಿ ಪಾನಾ ಬಿಸಾಕಿದವನು ನಾನು. ಅದನ್ನು ಎತ್ತಿ ಮತ್ತೆ ನನ್ನ ಕೈಗೆ ಕೊಟ್ಟವಳು ಅವಳು. ಸಂಜೆಗೆ ಇಂಜಿನ್ ಕೀಲಿ ತಿರುಗಿಸಿದೊಡನೆ ಗುರ್ ಎಂದಾಗ ನನಗೆ ಅಳುವೇ ಬಂತು. ನಿಜ ಹೇಳುತ್ತೇನೆ, ದುರ್ಗಕ್ಕನಂಥ ಗಟ್ಟಿ ಜೀವವನ್ನು ನಾನು ಕಂಡಿಲ್ಲ.

ಮರುದಿನ ಪಾಲಪ್ಪ ಮುಂದಿನ ಸೀಟಿನಲ್ಲಿ ಮಾವನ ಮನೆಗೆ ಬಂದ ಅಳಿಯನಂತೆ ಬಿಗಿಯಾಗಿ ಕೂತ. ನಾನು ಹಿಂದೆ. ಸಂಡೂರಿನ ಏರು ಶುರುವಾದಾಗ ಹೊಸದಾಗಿ ಹಾಕಿದ ಬಿಸಿಯ ಮುಳ್ಳು ಮೆಲ್ಲಗೆ ಮೇಲೇರಿತು. ದುರ್ಗಕ್ಕ ಅದನ್ನೇ ನೋಡಿ ನೋಡಿ ಓಡಿಸುತ್ತಿದ್ದಳು.

"ಏನದು ಅಷ್ಟು ನೋಡ್ತಿ?" ಎಂದ ಪಾಲಪ್ಪ.

"ಇಂಜಿನ್ ಎಷ್ಟು ಕಾದೈತಿ ಅಂತ ತೋರಿಸ್ತದಣ್ಣ. ಮುಂದಿನ ಜಾಳಿಗೆಯಾಗ ಗಾಳಿ ಬಂದ್ರ ತಣ್ಣಗಿರ್ತದ."

ಮುಳ್ಳು ನಡುವಿಗೆ ಬಂದು ನಿಂತಿತು. ಕಾರು ಒಮ್ಮೆಯೂ ಏದುಸಿರು ಬಿಡದೆ ಗುಡ್ಡ ಹತ್ತಿತು. ಮೇಲೆ ನಿಲ್ಲಿಸಿದೊಡನೆ ಪಾಲಪ್ಪ ಇಳಿದು ಕಾರಿನ ಮುಂದಕ್ಕೆ ಹೋಗಿ ಜಾಳಿಗೆಯ ಮೇಲೆ ಅಂಗೈ ಇಟ್ಟ.

"ಇದಕ್ಕ ಏನರ ಅಡ್ಡ ಕಟ್ಟಿದ್ರ?"

ನಾನು ಬಾಯಿ ತೆರೆದೆ. ದುರ್ಗಕ್ಕ ನನ್ನತ್ತ ಕಣ್ಣು ಬಿಟ್ಟಳು. ತೆರೆದ ಬಾಯಿ ಮುಚ್ಚಿದೆ.

"ಎಲ್ರ ಮುಂದ ಬೈಸಿಕೊಂಡ್ಯಲ್ಲವ್ವ," ಎಂದ ಪಾಲಪ್ಪ. "ಆವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಗಂಗೋತ್ರಿನ ಕಳಿಸ್ತಿದ್ಯೇನಣ್ಣ?"

ಊರು ಮುಟ್ಟುವವರೆಗೂ ಪಾಲಪ್ಪ ತಲೆ ಎತ್ತಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ, ಏನಾಗುತ್ತದೋ ನೋಡೋಣವೆಂದು ನಾನೇ ಮೆಟ್ರಿಗೆ ಹೋದೆ. ಅಪ್ಪಂದಿರೆಲ್ಲ ಕೈಕಟ್ಟಿಕೊಂಡು ಕಾರಿನ ಸುತ್ತ ನಿಂತಿದ್ದರು. ಒಬ್ಬ ಹುಡುಗಿಯೂ ಕಾರನ್ನು ಹತ್ತಿರಲಿಲ್ಲ. ಪಾಲಪ್ಪ ಮಗಳ ಕೈ ಹಿಡಿದು ಬಂದ.

"ಕೇಳ್ರಿ ಇಲ್ಲಿ," ಎಂದ, ಇಡೀ ಓಣಿಗೆ ಕೇಳುವಂತೆ. "ಇಂಜಿನ್ ಸುಟ್ಟಿದ್ದು ಆಕಿಯಿಂದಲ್ಲ. ನಾ ಕಟ್ಟಿದ ಹಾರದಿಂದ. ಸುಮ್ಮನ ಆಕಿ ಮ್ಯಾಲ ಕೂಗಾಡಿದ್ದೂ ನಾನ."

ನಾನು ಜಗಳಕ್ಕೆ ತಯಾರಾಗಿ ಬಂದವನು, ಮೇಲೇರಿಸಿದ್ದ ಅಂಗಿಯ ತೋಳನ್ನು ಕೆಳಗಿಳಿಸಿದೆ. ಪಾಲಪ್ಪ ತಾನೇ ಬಾಗಿಲು ತೆಗೆದು ಮಗಳನ್ನು ಕೂರಿಸಿದ. ಮಿಕ್ಕ ಹುಡುಗಿಯರು ಅಪ್ಪಂದಿರ ಮುಖ ಕೂಡ ನೋಡದೆ ನುಗ್ಗಿ ಹತ್ತಿದರು. ದುರ್ಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗೇರ್ ಹಾಕಿದಳು.

"ಬಾಗಿಲು ಸರಿಯಾಗಿ ಹಾಕ್ರವ್ವ," ಎಂದಳು. "ಹೊತ್ತಾತು."