ಹಾರಿಸಿಬಿಟ್ಟ ಪರೀಕ್ಷೆ

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಹೆಂಡತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಗಂಟು ಕಟ್ತಾಳೆ’ ಎಂದು ನಗುತ್ತಿದ್ದ. ಮನೆಯಲ್ಲಿ ಅವಳಿಗೆ ಗಂಟಮ್ಮ ಎಂದೇ ಹೆಸರು. ತಮಾಷೆಯಾದರೂ ಸುಳ್ಳಲ್ಲ. ಯಾರೋ ಎಲ್ಲೋ ಕೂತು ಬರೆದ ಪ್ರೋಗ್ರಾಮನ್ನು ತಂದು, ತನ್ನ ಬಳಗದವರು ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಮ್ಮಿಗೆ ಒಗ್ಗುವಂತೆ ಮಾಡಿ, ಪರೀಕ್ಷೆಗಳನ್ನು ಓಡಿಸಿ, ಪ್ಯಾಕೇಜ್ ಕಟ್ಟಿ ಬಿಡುವುದು ಅವಳ ಕೆಲಸ. ಆಮೇಲೆ ಯಾರು ಬೇಕಾದರೂ ಒಂದು ಸಾಲು ಟೈಪ್ ಮಾಡಿ ಅದನ್ನು ಹಾಕಿಕೊಳ್ಳಬಹುದು. ಇಂಥ ನಲವತ್ತಮೂರು ಗಂಟುಗಳು ಅವಳ ಹೆಸರಿನಲ್ಲಿದ್ದವು.

ಅದರಲ್ಲೊಂದು, ಆಸ್ಪತ್ರೆಯ ಪಂಪು ರೋಗಿಯ ಮೈಯೊಳಗೆ ಎಷ್ಟು ಔಷಧ ಬಿಟ್ಟಿದೆ ಎಂದು ಓದಿ ವಾರ್ಡಿನ ಕಂಪ್ಯೂಟರಿನ ಪರದೆಗೆ ತಿಳಿಸುವ ಪುಟ್ಟ ಪ್ರೋಗ್ರಾಮು. ಅದಕ್ಕೆ ಇಪ್ಪತ್ತು ಪರೀಕ್ಷೆ. ಹೊಸ ಕಂಪ್ಯೂಟರುಗಳಲ್ಲಿ ಇಪ್ಪತ್ತೂ ಪಾಸು. ಹಳೆಯ ಬಗೆಯದರಲ್ಲಿ ಮಾತ್ರ ಕೊನೆಯದೊಂದು, ದೊಡ್ಡ ಅಂಕಿಗಳನ್ನು ಎಣಿಸುವ ಪರೀಕ್ಷೆ, ಫೇಲು. ಒಂದು ಬಗೆಯಲ್ಲಿ ಫೇಲಾದರೂ ಇಡೀ ಗಂಟನ್ನೇ ಹೊರಗಿಡುವುದು ಬಳಗದ ನಿಯಮ. ಹೊಸ ಆವೃತ್ತಿಯ ಬಿಡುಗಡೆಗೆ ಎರಡೇ ದಿನ ಉಳಿದಿತ್ತು. ಈ ಕಸುಬಿನಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಹಳೆಯ ಯಂತ್ರಗಳಲ್ಲಿ ಆ ಪರೀಕ್ಷೆಯನ್ನು ಹಾರಿಸಿಬಿಡು ಎಂದು ಒಂದು ಸಾಲು ಸೇರಿಸಿ, ಪಕ್ಕದಲ್ಲೇ ಕಾರಣ ಬರೆದಳು: ‘ಇವುಗಳಲ್ಲಿ ಇದನ್ನು ಯಾರೂ ಬಳಸುವುದಿಲ್ಲ.’

ಯಾರನ್ನು ಕೇಳಿ ಬರೆದಳೋ! ಬಳಸುತ್ತಿದ್ದರು. ಒಂದೂವರೆ ವರ್ಷದ ಮೇಲೆ, ಒಂದು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನಿಂದ ಪತ್ರ ಬಂತು. ಅವರ ವಾರ್ಡಿನ ಮೇಜಿನ ಮೇಲಿದ್ದದ್ದು ಹಳೆಯ ಕಂಪ್ಯೂಟರು. ಔಷಧದ ಎಣಿಕೆ ದೊಡ್ಡದಾದಾಗ ಅದು ಸೊನ್ನೆಗೆ ಮರಳಿ ಮತ್ತೆ ಮೊದಲಿನಿಂದ ಎಣಿಸತೊಡಗಿತ್ತು. ಪರದೆ ನೋಡಿದ ನರ್ಸ್, ಔಷಧ ಸಾಲದೆಂದುಕೊಂಡು ಪಂಪಿನ ವೇಗ ಹೆಚ್ಚಿಸಿದ್ದಳು. ರೋಗಿ ಐವತ್ತು ದಾಟದ ಬಡಗಿ, ಸಂಜೆಯೊಳಗೆ ಹೋಗಿಬಿಟ್ಟ. ಪರದೆಯನ್ನು ನಂಬಿ ಪಂಪಿನ ಲೆಕ್ಕ ನೋಡಲಿಲ್ಲವೆಂದು ನರ್ಸಿನ ಮೇಲೆ ವಿಚಾರಣೆ ನಡೆಯುತ್ತಿದೆ. ‘ಈ ದೋಷ ನಿಮಗೆ ಮೊದಲೇ ಗೊತ್ತಿತ್ತೇ?’ ಎಂದು ಕೇಳಿದ್ದ.

ಅವಳು ‘ನೋಡಿ ತಿಳಿಸುತ್ತೇನೆ’ ಎಂದು ಉತ್ತರಿಸಿ, ಅದೇ ಮಧ್ಯಾಹ್ನ ಕೂತು ದೋಷ ತಿದ್ದಿದಳು. ಎರಡು ಗಂಟೆಯೂ ಹಿಡಿಯಲಿಲ್ಲ. ಅದೇ ಎರಡು ಗಂಟೆ ಅವತ್ತೇ ಕೂತಿದ್ದರೆ ಬಡಗಿ ಬದುಕಿರುತ್ತಿದ್ದ. ಹೊಸ ಗಂಟು ಬಿಡುವಾಗ, ಏನು ಬದಲಾಗಿದೆ ಎಂದು ಬರೆಯಬೇಕಾದ ಜಾಗದಲ್ಲಿ ‘ಸಣ್ಣಪುಟ್ಟ ಸುಧಾರಣೆಗಳು’ ಎಂದು ಬರೆದಳು. ಆಸ್ಪತ್ರೆಯವನಿಗೆ ಮಾತ್ರ ಏನೂ ತಿಳಿಸಲಿಲ್ಲ. ದಿನಾ ಬೆಳಗ್ಗೆ ಪತ್ರ ಶುರುಮಾಡುವುದು, ಎರಡನೆಯ ಸಾಲಿಗೆ ಅಳಿಸಿಹಾಕುವುದು. ಭಯ, ಬರೀ ಭಯ.

ಹತ್ತನೆಯ ದಿನ ಭಾನುವಾರ. ಗಂಡ ಕಿಟಕಿಯ ಬಳಿ ಕೂತು ಶೂ ಪಾಲಿಶ್ ಮಾಡುತ್ತಿದ್ದಾಗ ಎಲ್ಲವನ್ನೂ ಹೇಳಿದಳು.

“ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ? ಪುಕ್ಕಟೆ ಕೆಲ್ಸ. ಗ್ಯಾರಂಟಿ ಇಲ್ಲ ಅಂತ ಬರ್ದಿರುತ್ತಲ್ಲ?”

“ಬರ್ದಿದೆ. ಆದ್ರೂ ಆ ನರ್ಸ್ ಮೇಲೆ ಗೂಬೆ ಕೂರ್ಸಿದಾರೆ.”

“ಅವಳು ಪಂಪ್ ನೋಡ್ಬೇಕಿತ್ತು, ನೋಡ್ಲಿಲ್ಲ. ಮುಗೀತು.”

“ರೀ, ಬ್ರೇಕ್ ಹಿಡೀದೇ ಇರೋ ಲಿಫ್ಟಿಗೆ, ಇದನ್ನ ಯಾರೂ ಹತ್ತಲ್ಲ ಅಂತ ಬರ್ದು ಸಹಿ ಹಾಕ್ತೀರಾ ನೀವು?”

ಅವನು ಬ್ರಷ್ ಕೆಳಗಿಟ್ಟ. “ಹೆಸರು ಹಾಳಾಗುತ್ತೆ ಕಣೇ,” ಎಂದ.

“ಈಗ ಅವಳದ್ದು ಹಾಳಾಗ್ತಿದೆ.”

ಅವತ್ತೇ ಬರೆದಳು. ಪರೀಕ್ಷೆ ಫೇಲಾದದ್ದು, ತಾನು ಹಾರಿಸಿದ್ದು, ಕಾರಣವೆಂದು ಗೀಚಿದ ಮಾತು, ಎಲ್ಲ ದಿನಾಂಕ ಸಮೇತ. ವಿಚಾರಣೆಯವರ ಮುಂದೆ ಇದನ್ನಿಡಿ ಎಂದು ಕೇಳಿಕೊಂಡು ಫೋನ್ ನಂಬರನ್ನೂ ಕೊಟ್ಟಳು. ಕಳುಹಿಸಿದ ಮೇಲೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮಾರನೆಯ ದಿನ ಹನ್ನೊಂದಕ್ಕೆ ಫೋನ್ ಬಂತು. ಎಳೆಯ ಹೆಣ್ಣುದನಿ.

“ಮೇಡಂ, ನಾನು ಆ ವಾರ್ಡಿನ ನರ್ಸು. ಕಂಪ್ಯೂಟರ್ ನೋಡ್ಕೊಳ್ಳೋ ಅಣ್ಣ ನಿಮ್ಮ ಪತ್ರ ಕಳ್ಸಿದ್ರು. ಹಾಗಾದ್ರೆ ತಪ್ಪು ನನ್ನದಲ್ವಾ?”

“ನಿನ್ನದಲ್ಲಮ್ಮಾ. ನನ್ನದು.”

“ಶುಕ್ರವಾರವೇ ವಿಚಾರಣೆ ಮುಗೀತು ಮೇಡಂ. ತಪ್ಪು ನಂದೇ ಅಂತ ಬರ್ಕೊಟ್ಟು ಸಹಿ ಹಾಕ್ಬಿಟ್ಟೆ. ಕೆಲ್ಸ ಹೋಯ್ತು. ತೀರಿಕೊಂಡವ್ರ ಮನೆಗೂ ಹೋಗಿದ್ದೆ. ಹೆಂಡ್ತಿ ಕಾಲು ಹಿಡ್ಕೊಂಡೆ, ನಾನೇ ಕೊಂದೆ ಅಂತ ಹೇಳ್ದೆ.” ಆಮೇಲೆ ಕೇಳಿದಳು, “ನಿಮ್ಗೆ ಇದು ಯಾವತ್ತು ಗೊತ್ತಾಯ್ತು?”

ನಿನ್ನೆ ಎಂದಿದ್ದರೆ ಹುಡುಗಿ ನಂಬುತ್ತಿದ್ದಳು. ನಾಲಿಗೆಯ ತುದಿವರೆಗೆ ಬಂದೂ ಬಂತು.

“ಹನ್ನೊಂದು ದಿನ ಆಯ್ತು,” ಎಂದಳು ಗಂಟಮ್ಮ.

ಹುಡುಗಿ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಗಂಟಮ್ಮನಿಗೆ ಅಷ್ಟಾದರೂ ಸಮಾಧಾನವಿರುತ್ತಿತ್ತು.

“ಅವ್ರ ಹೆಂಡ್ತಿಗೆ ನೀವೇ ಹೋಗಿ ಹೇಳಿ ಮೇಡಂ. ನಾನು ಹೇಳಿದ್ರೆ ಈಗ ಅವ್ರು ನಂಬಲ್ಲ. ವಿಳಾಸ ಬರ್ಕೊಳ್ಳಿ.”

ಅವಳು ನಿಧಾನವಾಗಿ, ಮನೆ ಸಂಖ್ಯೆ, ಬೀದಿ, ಎರಡನೆಯ ಮಹಡಿ ಎಂದು ಒಂದೊಂದಾಗಿ ಹೇಳಿದಳು. ಗಂಟಮ್ಮ ಬರೆದುಕೊಂಡಳು.

“ಈಗ ಓದಿ ಹೇಳಿ ಮೇಡಂ,” ಎಂದಳು ನರ್ಸ್. “ಸರಿಯಿದೆಯಾ ನೋಡ್ತೀನಿ.”