ಬಿಳಿ ಗುರುತು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಸುಳ್ಳು. ಸಿಟ್ಟು ಬರುವುದಿಲ್ಲ, ಇದ್ದೇ ಇರುತ್ತದೆ. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದ ಈ ಮಡಿವಾಳಪ್ಪನಿಗೆ ಸಿಟ್ಟಿಲ್ಲದಿದ್ದರೆ ಅರ್ಧ ಬಸ್ಸುಗಳು ಗೇಟು ದಾಟುತ್ತಿರಲಿಲ್ಲ. ಈ ಮಾತನ್ನು ಹೆಂಡತಿ ಶಿವಲಿಂಗವ್ವನ ಮುಂದೆ ಹೇಳಿದರೆ ಅವಳು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ.

ರಿಟೈರ್ ಆದಮೇಲೆ ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ ಹಾಕಿಸಿಕೊಂಡೆ. ಎರಡು ವರ್ಷದ ಹಿಂದೆ ಆ ಶೆಡ್ಡಿಗೆ ಒಂದು ಹಳೇ ಯೆಜ್ಡಿ ಬೈಕು ಬಂತು. ತಂದವಳು ಮಗಳು ಗಾರ್ಗಿ, ಧಾರವಾಡದಲ್ಲಿ ಕಾಲೇಜು ಹುಡುಗರಿಗೆ ಫಿಜಿಕ್ಸ್ ಕಲಿಸುವವಳು. ಅರಳೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಇಪ್ಪತ್ತು ವರ್ಷ ಬಿದ್ದಿದ್ದ ಗಾಡಿ ಅದು. ಸೈಲೆನ್ಸರಿನೊಳಗೆ ಕೈ ಹಾಕಿದರೆ ಹಿಡಿಗಟ್ಟಲೆ ಹತ್ತಿ ಬಂತು. ಟೆಂಪೋದಿಂದ ಇಳಿಸುವಾಗ ಗಾರ್ಗಿ, "ಅಪ್ಪಾ, ಇದನ್ನ ನಾವಿಬ್ರೂ ಕೂಡೇ ಮಾಡೂಣು" ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, "ಇಂಥಾ ಗುಜರಿ ಯಾಕ ತಂದಿ" ಎಂದು ಬೈದುಬಿಟ್ಟೆ.

ಭಾನುವಾರ ಬಂತೆಂದರೆ ಇಬ್ಬರೂ ಶೆಡ್ಡಿನಲ್ಲಿ. ಅವಳು ಜೋರಾಗಿ ಉಜ್ಜಿದರೆ ತಗಡು ಸವೆಯುತ್ತದೆ ಎಂದು ಬೈಯುತ್ತಿದ್ದೆ. ಹಗುರವಾಗಿ ಉಜ್ಜಿದರೆ ತುಕ್ಕು ಹೋಗುವುದು ಯಾವಾಗ ಎಂದು ಬೈಯುತ್ತಿದ್ದೆ. ಅವಳು ತಲೆ ತಗ್ಗಿಸಿ ಉಜ್ಜುತ್ತಲೇ ಇದ್ದಳು. ಈ ದಸರೆಯ ಹೊತ್ತಿಗೆ ಗಾಡಿ ಕೆಂಪಗೆ ಹೊಳೆಯುತ್ತ ನಿಂತಿತು, ಒಂದೇ ಕಿಕ್ಕಿಗೆ ಶುರುವಾಗುತ್ತಿತ್ತು.

ಡಿಪೋದಲ್ಲಿ ಕಲಿತ ಒಂದು ಪದ್ಧತಿ ನನಗಿದೆ. ಯಾವುದೇ ನಟ್ಟನ್ನು ಕೊನೆಯ ಸಲ ಬಿಗಿದ ಕೂಡಲೇ ಅದರ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಡುತ್ತೇನೆ. ಗಾಡಿ ಹೊರಬೀಳುವ ಮುಂಚೆ ಒಂದು ಸುತ್ತು ಹಾಕಿ ಚುಕ್ಕೆಗಳನ್ನು ನೋಡುತ್ತೇನೆ. ಬಿಳಿ ಕಂಡರೆ ಬಿಗಿಯಾಗಿದೆ ಎಂದು ಅರ್ಥ, ಮತ್ತೆ ಮುಟ್ಟುವುದಿಲ್ಲ. ಇಷ್ಟು ವರ್ಷದಲ್ಲಿ ಆ ಪದ್ಧತಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ದಸರೆಯ ಹಿಂದಿನ ದಿನ, ಖಂಡೇಪೂಜೆಯ ಬೆಳಿಗ್ಗೆ, ಮುಂದಿನ ಬ್ರೇಕು ಕಿರಗುಡುತ್ತಿದೆ ಎಂದು ನಟ್ಟಿನ ಹಳೇ ಚುಕ್ಕೆ ಕೆರೆದು ಚಕ್ರ ಬಿಚ್ಚಿದ್ದೆ. ಹೊಸ ಬ್ರೇಕ್ ಶೂ ಹಾಕಿ, ಚಕ್ರ ಕೂರಿಸಿ, ಆಕ್ಸಲ್ಲಿನ ನಟ್ಟನ್ನು ಬೆರಳಿನಿಂದ ತಿರುಗಿಸುತ್ತಿದ್ದೆ. ಶಿವಲಿಂಗವ್ವ ಬುಟ್ಟಿ ಹಿಡಿದು ಬಂದಳು.

"ಪಾನಾ ಎಲ್ಲಾ ಕೊಡ್ರಿ, ತೊಳದು ಪೂಜಾಕ್ಕ ಇಡಬೇಕು."

"ಒಂದ ನಿಮಿಷ ತಡಿ."

"ನಿಮ್ಮ ಒಂದ ನಿಮಿಷ ನಂಗ ಗೊತ್ತೈತಿ. ಹೋಳಗಿ ಹಂಚಿನ ಮ್ಯಾಗ ಐತಿ, ಲಗೂ ಕೊಡ್ರಿ."

ಕೈಯಲ್ಲಿದ್ದ ಪಾನಾ, ಅಂದರೆ ನೀವು ಸ್ಪ್ಯಾನರ್ ಅನ್ನುತ್ತೀರಲ್ಲ ಅದು, ಬುಟ್ಟಿಗೆ ಹೋಯಿತು. ಒಮ್ಮೆ ಪೂಜೆಯ ಹಲಗೆ ಏರಿದ ಹತ್ಯಾರವನ್ನು ದಸರೆಯ ಮಧ್ಯಾಹ್ನ ಮಂಗಳಾರತಿಯಾಗುವ ತನಕ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ನಾಳೆ ಬಿಗಿದರಾಯಿತು ಎಂದುಕೊಂಡೆ.

ಸಂಜೆ ಅವಳು ಯೆಜ್ಡಿಗೂ ಪೂಜೆ ಮಾಡಿದಳು. ಟ್ಯಾಂಕಿಗೆ ಕುಂಕುಮ ಹಚ್ಚಿದಾಗ ನಾನು ರೇಗಿದೆ. ಕುಂಕುಮದ ಕಲೆ ಹತ್ತಿದರೆ ಪಾಲಿಶ್ ಹಾಳು, ಬುದ್ಧಿ ಇಲ್ಲವೇ ಎಂದೆ. ಪಾಪ, ಅವಳು ಕುಂಕುಮದ ಬಟ್ಟಲು ಬದಿಗಿಟ್ಟು ಉಳಿದ ಕಡೆಗೆಲ್ಲ ಒದ್ದೆ ವಿಭೂತಿಯನ್ನಷ್ಟೇ ಹಚ್ಚಿದಳು. ಹ್ಯಾಂಡಲಿಗೆ, ಕಿಕ್ಕಿಗೆ, ಎರಡೂ ಚಕ್ರಗಳ ನಡುವೆ. ನಾನು ಅಷ್ಟರಲ್ಲಿ ಒಳಗೆ ಹೋಗಿ ಟಿವಿ ಮುಂದೆ ಕುಳಿತಿದ್ದೆ.

ದಸರೆಯ ದಿನ ಮಧ್ಯಾಹ್ನ ಎರಡೂವರೆಗೆ ಗಾರ್ಗಿ ಹೆಲ್ಮೆಟ್ ಹಾಕಿಕೊಂಡು ನಿಂತಳು. ಧಾರವಾಡದ ಆಚೆ ಉಪ್ಪಿನಬೆಟಗೇರಿಯಲ್ಲಿ ನನ್ನ ಅತ್ತೆ ಇದ್ದಾರೆ, ಗಾರ್ಗಿಗೆ ಆಯಿ, ಅಂದರೆ ತಾಯಿಯ ತಾಯಿ. ದುರ್ಗದಬೈಲಿನಲ್ಲಿ ಆಯಿಗೆ ಬಳೆ ತೆಗೆದುಕೊಂಡು, ಸಂಜೆಯೊಳಗೆ ಬನ್ನಿ ಕೊಟ್ಟು ಬರುತ್ತೇನೆ ಎಂದಳು. ನಾನು ಪದ್ಧತಿಯಂತೆ ಗಾಡಿಯ ಸುತ್ತ ಒಂದು ಸುತ್ತು ಹಾಕಿದೆ. ಹಿಂದೆ ಬಿಳಿ, ಎಂಜಿನ್ನಿನ ಬಳಿ ಬಿಳಿ, ಮುಂದೆ ಬಿಳಿ.

"ದಾರ್ಯಾಗ ಗಾಡಿ ಅಲುಗಾಡತೈತಿ ಅಂತ ನಂಗ ಫೋನ್ ಮಾಡಬ್ಯಾಡ" ಅಂದೆ. "ನಾ ಮಾಡಿದ ಗಾಡಿ ಅಲುಗಾಡೂದಿಲ್ಲ. ಹಿಡಿಯೂ ಕೈ ಅಲುಗಾಡತಾವ."

"ಹೂಂ ಅಪ್ಪಾ" ಎಂದು ಹೋದಳು.

ಮೂರೂಕಾಲಿಗೆ ಮಂಗಳಾರತಿಯಾಯಿತು. ಪಕ್ಕದ ಮನೆಯ ಅಬ್ದುಲಮಜೀದ ಬನ್ನಿ ತೆಗೆದುಕೊಳ್ಳಲು ಬಂದಿದ್ದ. ಡಿಪೋದಲ್ಲಿ ನನ್ನ ಜೊತೆಗೇ ದುಡಿದವನು, ನನ್ನ ಬೈಗುಳಕ್ಕೆ ನಗುವ ಒಬ್ಬನೇ ಮನುಷ್ಯ. ಅವನೊಂದಿಗೆ ಮಾತಾಡುತ್ತ ಹಲಗೆಯ ಮೇಲಿನ ಪಾನಾಗಳನ್ನು ಒಂದೊಂದಾಗಿ ಇಳಿಸುತ್ತಿದ್ದೆ. ದೊಡ್ಡದು ಕೈಗೆ ಬಂತು. ಅದರ ಬಾಯಿಗೆ ಹಚ್ಚಿದ ಕುಂಕುಮ ಒಂದಿಷ್ಟೂ ಅಳಿಸಿರಲಿಲ್ಲ. ಇದನ್ನು ಕೊನೆಗೆ ಯಾವುದಕ್ಕೆ ಹಿಡಿದಿದ್ದೆ ಎಂದು ಯೋಚಿಸಿದೆ, ಅಷ್ಟೇ. ಮುಂದಿನ ಚಕ್ರದ ನಟ್ಟಿಗೆ, ಬಿಗಿಯದೆಯೇ ಬುಟ್ಟಿಗೆ ಹಾಕಿದ್ದೆ.

ಆದರೆ ಬಿಳಿ ಕಂಡಿದ್ದೆನಲ್ಲ. ನಾನೇ ಕಣ್ಣಾರೆ ನೋಡಿದ್ದೆ. ಶೆಡ್ಡಿಗೆ ಓಡಿದೆ. ಮುಂದಿನ ಚಕ್ರ ನಿಂತಿದ್ದ ಜಾಗದಲ್ಲಿ, ನೆಲದ ಮೇಲೆ ಒಂದು ಚಿಟಿಕೆ ಬಿಳಿ ಪುಡಿ ಉದುರಿತ್ತು. ಪೇಂಟು ಉದುರುವುದಿಲ್ಲ. ಬೆರಳು ಒತ್ತಿ ನೋಡಿದೆ. ವಿಭೂತಿ.

"ಏನಾತೋ?" ಎಂದು ಮಜೀದ ಕೇಳಿದ.

"ಮುಂದಿನ ಚಕ್ರದ ನಟ್ಟು ಬಿಗಿದಿಲ್ಲ. ಬೆರಳಿಲೇ ತಿರುವಿ ಬಿಟ್ಟೇನಿ. ಹುಡುಗಿ ಗಾಡಿ ತಗೊಂಡು ಹೋಗಿ ಮುಕ್ಕಾಲು ತಾಸಾತು."

ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಮತ್ತೆ ಮಾಡಿದೆ. ಶಿವಲಿಂಗವ್ವ ಬಾಗಿಲಲ್ಲಿ ಬಂದು ನಿಂತಳು. ನಾನು ಅವಳ ಮೇಲೆ ಹರಿಹಾಯ್ದೆ. ನಿನ್ನ ವಿಭೂತಿ, ನಿನ್ನ ಪೂಜೆ, ನಿನ್ನ ಹೋಳಿಗೆ ಎಂದೆಲ್ಲ ಕೂಗಿದೆ. ಅವಳಿಗೆ ಅರ್ಥವಾದದ್ದು ಒಂದೇ, ಮಗಳಿಗೆ ಏನೋ ಆಗಲಿದೆ ಎಂದು. ಗೋಡೆ ಹಿಡಿದು ಕೆಳಗೆ ಕುಳಿತುಬಿಟ್ಟಳು.

ಪಾನಾ ಹಿಡಿದೇ ಮಜೀದನ ಸ್ಕೂಟರಿನ ಹಿಂದೆ ಹತ್ತಿದೆ. ದುರ್ಗದಬೈಲಿನಲ್ಲಿ ಹಬ್ಬದ ಜನ, ಬನ್ನಿ ಮಾರುವವರು, ಕಬ್ಬು ಮಾರುವವರು, ಕಾಲಿಡಲು ಜಾಗವಿಲ್ಲ. ಇಲ್ಲೇ ಎಲ್ಲಾದರೂ ಸಿಕ್ಕಿಕೊಂಡಿರಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಬಳೆ ಅಂಗಡಿಯವರು ಹೇಳಿದರು, "ಕೆಂಪು ಗಾಡಿ ಹುಡುಗಿನ? ಹೋಗಿ ಅರ್ಧಾ ತಾಸಿನ ಮ್ಯಾಗಾತ್ರಿ."

ಧಾರವಾಡದ ರಸ್ತೆ ಹಿಡಿದೆವು. ಹಿಂದೆ ಕುಳಿತ ನನಗೆ ಆ ನಟ್ಟು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಪ್ರತಿ ಗುಂಡಿಗೆ ಕೂದಲೆಳೆಯಷ್ಟು ತಿರುಗುತ್ತದೆ. ಪ್ರತಿ ಬ್ರೇಕಿಗೆ ಇನ್ನಷ್ಟು. ನಟ್ಟು ಬಿದ್ದರೆ ಆಕ್ಸಲ್ ಜಾರುತ್ತದೆ, ಆಕ್ಸಲ್ ಜಾರಿದರೆ ಚಕ್ರ ಅಡ್ಡವಾಗುತ್ತದೆ. ಅಂಥ ಗಾಡಿಗಳನ್ನು ನಾನು ನೋಡಿದ್ದೇನೆ. ಅದನ್ನು ಓಡಿಸುತ್ತಿದ್ದವರನ್ನೂ ನೋಡಿದ್ದೇನೆ. ನೆನಪಾಗಬಾರದೆಂದು ಹಲ್ಲು ಕಚ್ಚಿದೆ, ಆದರೂ ನೆನಪಾಯಿತು.

ನವಲೂರಿನ ಹತ್ತಿರ ರಸ್ತೆ ಬದಿ ಗುಂಪು ಸೇರಿತ್ತು. ಜನರ ಕಾಲುಗಳ ನಡುವೆ ನೆಲದ ಮೇಲೆ ಕೆಂಪಗೆ ಏನೋ ಹರಡಿತ್ತು. ಮಜೀದ ಸ್ಕೂಟರ್ ನಿಲ್ಲಿಸಿದ. ನನಗೆ ಇಳಿಯಲು ಆಗಲಿಲ್ಲ. ಅವನೇ ಹೋಗಿ ನೋಡಿ ಬಂದ.

"ಟೆಂಪೋದಿಂದ ಚೆಂಡುಹೂವಿನ ಚೀಲ ಬಿದ್ದೈತಿ. ಹೂವು, ಬರೇ ಹೂವು."

ನನಗೆ ಅಳು ಬಂತು. ಅರವತ್ಮೂರು ವರ್ಷದ ಮನುಷ್ಯ, ರಸ್ತೆ ನಡುವೆ. ಮಜೀದ ಅದನ್ನು ನೋಡಲಿಲ್ಲ ಎಂಬಂತೆ ಕಿಕ್ ಹೊಡೆದ.

ಆಗ ಅತ್ತೆಯ ಮನೆಗೆ ಫೋನ್ ಮಾಡಬೇಕು ಎನ್ನುವುದು ಹೊಳೆಯಿತು. ಎತ್ತಿದವನು ಹೆಂಡತಿಯ ತಮ್ಮ ಅರ್ಜುನಪ್ಪ.

"ಇನ್ನೂ ಬಂದಿಲ್ಲ ಮಾವಾರ. ಯಾಕ್ರಿ?"

"ಏನಿಲ್ಲ, ಗಾಡ್ಯಾಗ ಸ್ವಲ್ಪ ಕೆಲಸ ಉಳದೈತಿ. ಬಂದ ಮ್ಯಾಲ ನಂಗ ಫೋನ್ ಮಾಡಂತ ಹೇಳು."

"ಆತ್ರಿ, ಹೇಳ್ತೇನಿ" ಎಂದು ಅವನು ಇಟ್ಟುಬಿಟ್ಟ.

ಮಜೀದ ಸ್ಕೂಟರನ್ನು ಬದಿಗೆ ತಂದು ನಿಲ್ಲಿಸಿದ. ನಲವತ್ತು ವರ್ಷದ ಸ್ನೇಹದಲ್ಲಿ ಅವನು ನನ್ನ ಮೇಲೆ ಸಿಟ್ಟಾದದ್ದು ಅವತ್ತೇ.

"ಸ್ವಲ್ಪ ಕೆಲಸ ಅಂದೆಲ್ಲ, ಏನು ಸ್ವಲ್ಪ? ಮಡಿವಾಳಪ್ಪನ ಕೈಯಾಗ ತಪ್ಪಾತು ಅಂತ ಹೇಳಾಕ ನಾಚಿಕಿನ? ನಿನ್ನ ಮಾನ ದೊಡ್ಡದೋ ಹುಡುಗಿ ಜೀವ ದೊಡ್ಡದೋ? ಮತ್ತ ಹಚ್ಚು ಫೋನು. ಖರೇ ಹೇಳು ಅವಂಗ."

ನಾಚಿಕೆಯೇ ಆಗಿತ್ತು. ಇಷ್ಟು ಹೆದರಿದಾಗಲೂ ನನಗೆ ನಾಚಿಕೆ ಆಗಿತ್ತು. ಇದನ್ನು ಬರೆಯುವಾಗಲೂ ಆಗುತ್ತಿದೆ. ಮತ್ತೆ ಫೋನ್ ಹಚ್ಚಿದೆ. ರಿಂಗಾಗುವಷ್ಟು ಹೊತ್ತು ಇವನೂ ಎತ್ತದಿದ್ದರೆ ಎಂದು ಉಸಿರು ಹಿಡಿದೆ.

"ಅರ್ಜುನಾ, ಮುಂದಿನ ಚಕ್ರ ಬಿಗಿದಿಲ್ಲ. ನಾ ಮರತೆ. ಚಕ್ರ ಬಿಚ್ಚಿ ಬೀಳತೈತಿ. ನೀ ಈಗಿಂದೀಗ ಗಾಡಿ ತಗೊಂಡು ಧಾರವಾಡ ದಿಕ್ಕಿಗೆ ಬಾ, ಎದುರಿಗೆ ಸಿಕ್ಕ ಕೂಡಲೇ ನಿಂದರಸು."

ಅವನು ಮನೆಯೊಳಗಿನಿಂದ ಓಡುವ ಸದ್ದು ಕೇಳಿತು.

ಧಾರವಾಡ ದಾಟಿ ಉಪ್ಪಿನಬೆಟಗೇರಿ ರಸ್ತೆಗೆ ಬಿದ್ದಾಗ ನಾಲ್ಕೂವರೆ. ರೈತರು ಒಣಗಲೆಂದು ಅರ್ಧ ರಸ್ತೆಗೆ ಗೋವಿನಜೋಳ ಹರಡಿದ್ದರು. ಆ ಕಾಳಿನ ಮೇಲೆ ಗಟ್ಟಿ ಚಕ್ರವೇ ಜಾರುತ್ತದೆ. ಕಾಳಿನ ನಡುವೆ ಒಂದು ಗಾಡಿ ಹಾದುಹೋದ ಸಣ್ಣ ಗೆರೆ ಇತ್ತು. ನೆಟ್ಟಗಿರಲಿಲ್ಲ. ಅತ್ತ ಇತ್ತ ಸೊಟ್ಟಗೆ ಹೋಗಿತ್ತು. ಅದು ಯಾರ ಗಾಡಿಯದ್ದೋ ಯಾರಿಗೆ ಗೊತ್ತು, ಆದರೆ ನಾನು ಅದರಿಂದ ಕಣ್ಣು ಕೀಳಲಿಲ್ಲ. ಗೆರೆ ಎಲ್ಲಿ ನಿಲ್ಲುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು.

ಊರು ಇನ್ನೂ ಎರಡು ಮೈಲು ಇರುವಾಗ ಒಂದು ಸಣ್ಣ ಸೇತುವೆಯ ಬಳಿ ಕೆಂಪು ಗಾಡಿ ಕಂಡಿತು. ನಿಂತಿತ್ತು. ಸೇತುವೆಯ ಕಟ್ಟೆಯ ಮೇಲೆ ಗಾರ್ಗಿ ಕುಳಿತಿದ್ದಳು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು. ಪಕ್ಕದಲ್ಲಿ ಅರ್ಜುನಪ್ಪ ಬನಿಯನ್ನಿನಲ್ಲೇ ನಿಂತಿದ್ದ. ಅಂಗಿ ಹಾಕಿಕೊಳ್ಳಲೂ ನಿಂತಿರಲಿಲ್ಲ ಪುಣ್ಯಾತ್ಮ.

ನಾನು ಮಗಳ ಕಡೆ ಹೋಗಲಿಲ್ಲ. ಚಕ್ರದ ಕಡೆ ಹೋಗಿ ಮೊಣಕಾಲೂರಿದೆ. ವಿಭೂತಿ ಇನ್ನೂ ಹತ್ತಿಕೊಂಡೇ ಇತ್ತು. ನಟ್ಟಿಗೆ ಎರಡು ಬೆರಳು ಹಚ್ಚಿದೆ. ಒಂದು ಸುತ್ತು, ಎರಡು ಸುತ್ತು, ಅಷ್ಟೇ, ನಟ್ಟು ನನ್ನ ಅಂಗೈಗೆ ಬಂದು ಬಿತ್ತು. ಬಿಸಿಯಾಗಿತ್ತು.

"ಎಲ್ಲಿಂದ ಅಲುಗಾಡಾಕತ್ತಿತ್ತು?" ಎಂದು ತಲೆ ಎತ್ತದೆ ಕೇಳಿದೆ.

"ಧಾರವಾಡದಿಂದ."

"ಫೋನ್ ಯಾಕ ಮಾಡಲಿಲ್ಲ? ನಾ ಮಾಡಿದ್ರೂ ಯಾಕ ಎತ್ತಲಿಲ್ಲ?"

ಅವಳು ಹೆಲ್ಮೆಟ್ಟನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಹೇಳಿದಳು, "ಮೊದಲ ಗಾಡಿ ಸದ್ದಿನ್ಯಾಗ ಫೋನ್ ಕೇಳಲಿಲ್ಲ. ಆಮ್ಯಾಲ ನೋಡಿದೆ, ಆದ್ರ ನೀವು ಬೈತೀರಿ ಅಂತ ಅಂಜಿದೆ. ಗಾಡಿ ಅಲುಗಾಡೂದಿಲ್ಲ, ಕೈ ಅಲುಗಾಡತಾವ ಅಂದಿದ್ರೆಲ್ಲ ಅಪ್ಪಾ. ನಂದ ಕೈ ಸರಿ ಇಲ್ಲ ಅಂತ ಇನ್ನಷ್ಟು ಗಟ್ಟಿ ಹಿಡಕೊಂಡು ಬಂದೆ."

ಅವಳ ಎರಡೂ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿದ್ದವು. ನಾನು ಅವುಗಳನ್ನು ನೋಡಿದೆ. ಅಂಜಿಕೆ ನಾನೊಬ್ಬನೇ ಪಟ್ಟಿದ್ದೇನೆ ಎಂದುಕೊಂಡಿದ್ದೆ. ಇವಳು ನಡುಗುವ ಚಕ್ರದ ಮೇಲೆ ಹತ್ತು ಮೈಲು ಬಂದಿದ್ದಾಳೆ, ಬೀಳುವ ಅಂಜಿಕೆಗಿಂತ ನನ್ನ ಬೈಗುಳದ ಅಂಜಿಕೆ ದೊಡ್ಡದಾಗಿತ್ತು ಅವಳಿಗೆ. ಹಾಗೆ ಬೆಳೆಸಿದವನು ನಾನೇ.

"ನಿನ್ನ ಕೈ ಛಲೋ ಅದಾವವ್ವಾ" ಅಂದೆ. "ತಪ್ಪು ನಂದು. ನಾನ ಬಿಗಿದಿರಲಿಲ್ಲ."

ಅವಳು ನನ್ನನ್ನು ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದಳು.

ನಟ್ಟು ಕೂರಿಸಿ ಪಾನಾವನ್ನು ಅವಳ ಕೈಗೇ ಕೊಟ್ಟೆ. ಅವಳು ಬಿಗಿದಳು, ನಾನೂ ಒಮ್ಮೆ ಎಳೆದು ನೋಡಿದೆ, ಮಜೀದನೂ ನೋಡಿದ. ನಂತರ ಶಿವಲಿಂಗವ್ವನಿಗೆ ಫೋನ್ ಮಾಡಿದೆ. ಹುಡುಗಿ ಅರಾಮ ಇದ್ದಾಳೆ ಎಂದೆ. ವಿಭೂತಿದೇನೂ ತಪ್ಪಿಲ್ಲ, ನಾನೇ ಮರೆತಿದ್ದೆ, ಸುಮ್ಮನೆ ನಿನ್ನ ಮೇಲೆ ಕೂಗಾಡಿದೆ ಎಂದೂ ಹೇಳಿದೆ. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.

ಆಯಿಯ ಮನೆಯಲ್ಲಿ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಕಿರಿಯರು ಹಿರಿಯರ ಕಾಲಿಗೆ ಬಿದ್ದು, ಚಹಾ ಕುಡಿದು ಹೊರಟಾಗ ಹೊತ್ತು ಮುಳುಗುತ್ತಿತ್ತು. ಮಜೀದ ಸ್ಕೂಟರಿನಲ್ಲಿ ಮುಂದೆ ಹೋದ. ಗಾರ್ಗಿ ಯೆಜ್ಡಿಯ ಕೀಲಿಯನ್ನು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ. ನೀನೇ ಹೊಡಿ ಎಂದು ಹಿಂದೆ ಕುಳಿತು ಅವಳ ಹೆಗಲು ಹಿಡಿದುಕೊಂಡೆ.

ಗೋವಿನಜೋಳದ ರಾಶಿ ದಾಟಿದ ಮೇಲೆ ಅವಳು ಗಾಡಿಯನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದಳು. ತಿರುಗಿ ನೋಡಿದಳು. ಈ ಸಲ ಅಂಜಲಿಲ್ಲ, ನೇರವಾಗಿ ಹೇಳಿದಳು.

"ಅಪ್ಪಾ, ಗಾಡಿ ಮತ್ತ ಅಲುಗಾಡಾಕತ್ತೈತಿ."

"ಗಾಡಿ ಅಲ್ಲವ್ವಾ" ಅಂದೆ. "ನಾ ನಡಗಾಕತ್ತೇನಿ."