ಒಳಗೆ ಬಿಡದ ಹಾಲು

ಆಸ್ಪತ್ರೆಯ ಒಡೆಯ ಡಾಕ್ಟರ್ ದುರ್ಗಾಪ್ರಸಾದ್ ಹಾಕಿದ ಹಾರವನ್ನು ಹರಿಣಾಕ್ಷಿ ತೀರಿಕೊಂಡ ಅಕ್ಕನ ಎದೆಯ ಮೇಲಿಂದ ಎತ್ತಿ ಕುರ್ಚಿಯ ಮೇಲಿಟ್ಟಳು.

"ಸುಲೋಚನಾ ಸಿಸ್ಟರ್ ನಮ್ಮ ಆಸ್ಪತ್ರೆ ಮಕ್ಕಳಿಗೆಲ್ಲ ತಾಯಿ ಇದ್ದಂಗೆ, ಅಮ್ಮಾ," ಎಂದರು ಅವರು ತೆಲುಗಿನಲ್ಲಿ.

ವಿಶಾಖಪಟ್ಟಣದಿಂದ ಬಂದಿಳಿದಾಗಿನಿಂದ ಹರಿಣಾಕ್ಷಿಯ ಕಣ್ಣಲ್ಲಿ ನೀರು ಬಂದಿರಲಿಲ್ಲ. ವಿಜಯವಾಡದಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದ ಅಕ್ಕ, ನಿನ್ನೆ ಡ್ಯೂಟಿಗೆಂದು ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದು ಹೋಗಿಬಿಟ್ಟಿದ್ದಳು.

*

ಹೋದ ದಸರೆಯಲ್ಲಿ ಅಕ್ಕ ಬೇಳೆ ತೊಳೆಯುತ್ತ ಹೇಳಿದ್ದಳು: "ಏಳು ತಿಂಗಳಿಗೇ ಹುಟ್ಟಿದ ಕೂಸು ಕಣೇ, ಒಂದು ಕೆಜಿನೂ ಇರಲ್ಲ. ಅದರ ಕರುಳು ಡಬ್ಬಿ ಪುಡಿ ತಡಿಯಕಿಲ್ಲ. ಅವ್ವನ ಹಾಲೇ ಟ್ಯೂಬಲ್ಲಿ ಚೂರುಚೂರು ಹೋಗ್ಬೇಕು."

"ಕೊಡಕ್ಕೇನಂತೆ?"

"ಮನೇಲಿ ಹಿಂಡ್ಕಂಡು ತಂದ ಹಾಲು ಒಳಕ್ಕೆ ಬಿಡಬ್ಯಾಡಿ ಅಂತ ದುರ್ಗಾಪ್ರಸಾದ್ ಡಾಕ್ಟರ ಆರ್ಡರು. ಪುಡಿ ಅವರ ಅಂಗಡಿಲೇ ಮಾರ್ತಾರಲ್ಲ. ಯಾಕೆ ಅಂತ ಕೇಳಿದ್ದಕ್ಕೆ ನನ್ನನ್ನ ಕೂಸುಗಳ ವಾರ್ಡಿಂದ ತೆಗೆದು ಟೋಕನ್ ಕೌಂಟರಿಗೆ ಹಾಕುದ್ರು."

"ಬಿಟ್ಬಿಡು ಮತ್ತೆ."

"ಬಿಡದೇನು? ಗೇಟಲ್ಲಿ ಅವ್ವಂದಿರ ಹತ್ರ ಇಸ್ಕಂಡು, ಊಟದ ಬ್ಯಾಗಲ್ಲಿ ನಾನೇ ತಗೊಂಡೋಗಿ ವಾರ್ಡಿನ ನರ್ಸುಗಳಿಗೆ ಕೊಡ್ತೀನಿ."

*

ಚಟ್ಟ ಎತ್ತುವ ಹೊತ್ತಿಗೆ ಆಟೋದಿಂದ ಬಾಣಂತಿಯೊಬ್ಬಳು ಇಳಿದಳು. ಕೊಂಡಪಲ್ಲಿಯ ಮಧುರಾ. ಕೈಯಲ್ಲಿ ಹಿಂಡಿದ ಹಾಲಿನ ಐಸ್ ಬಾಕ್ಸು.

"ಸಿಸ್ಟರ್ ನಿನ್ನೆ ಗೇಟಿಗೆ ಬರಲಿಲ್ಲ. ಆಸ್ಪತ್ರೇಲಿ ಪಾಪುಗೆ ಪುಡಿ ಹಾಲು ಶುರು ಮಾಡಿದಾರೆ," ಎನ್ನುತ್ತಿದ್ದವಳು ಚಟ್ಟ ಕಂಡು ಅಲ್ಲೇ ಕೂತುಬಿಟ್ಟಳು.

ಹರಿಣಾಕ್ಷಿ ಡಾಕ್ಟರ ಎದುರು ನಿಂತಳು. "ಈ ಹಾಲು ಒಳಗೆ ಹೋಗೋ ತನಕ ಅಕ್ಕನನ್ನ ಎತ್ತಕ್ಕೆ ಬಿಡಲ್ಲ."

"ರೂಲ್ಸ್ ಇದಾವಮ್ಮಾ. ಇನ್ಫೆಕ್ಷನ್ ಆದರೆ?"

"ವರ್ಷವೆಲ್ಲ ನಿಮ್ಮ ಕಣ್ಣು ತಪ್ಪಿಸಿ ಒಯ್ದಳು. ಎಷ್ಟು ಮಕ್ಕಳಿಗೆ ಇನ್ಫೆಕ್ಷನ್ ಆಯ್ತು? ಇಲ್ಲೇ ಹೇಳಿ."

ಡಾಕ್ಟರ ಜೊತೆಯಲ್ಲಿ ಬಂದಿದ್ದ ನರ್ಸುಗಳು ತಲೆ ತಗ್ಗಿಸಿದರು. ಭಾವ ಬಾಲಚಂದ್ರ ಮೆಲ್ಲಗೆ ಅಂದರು, "ಹೊತ್ತಾಯ್ತಲ್ಲವ್ವ, ಬಿಡು."

"ಆಗ್ಲಿ ಭಾವ. ತಾಯಿ ಇದ್ದಂಗೆ ಅಂದ್ರಲ್ಲ ಇವರು, ಆ ಕೂಸಿಗೆ ತಾಯಿ ಹಾಲು ಮುಟ್ಲಿ."

ಎತ್ತಲು ಬಗ್ಗಿದ್ದವರು ಚಟ್ಟದಿಂದ ಕೈ ತೆಗೆದರು. ಯಾರೂ ಕದಲಲಿಲ್ಲ. ಕೊನೆಗೆ ಡಾಕ್ಟರು ಫೋನು ತೆಗೆದರು. "ಒಂದು ಬಾಕ್ಸ್ ಬರುತ್ತೆ. ತಗೊಳ್ಳಿ. ಹೌದು, ನಾನೇ ಹೇಳ್ತಿರೋದು."

"ಇವತ್ತೊಂದು ದಿನ ಅಲ್ಲ," ಎಂದಳು ಹರಿಣಾಕ್ಷಿ.

ಅವರು ಅವಳನ್ನು ನೋಡಿದರು. "ದಿನಾ ತಗೊಳ್ಳಿ," ಎಂದು ಫೋನಿಗೆ ಹೇಳಿದರು.

ಅವರದೇ ಕಾರಿನ ಮುಂದಿನ ಸೀಟಿನಲ್ಲಿ ಮಧುರಾ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಳು. ಹಾರ ಹಾಕಲು ಇಳಿಯುವಾಗ ಕಾರಿನಲ್ಲೇ ಬಿಚ್ಚಿಟ್ಟಿದ್ದ ಬೂಟು ಅದರೊಂದಿಗೇ ಹೋಗಿದ್ದರಿಂದ, ದುರ್ಗಾಪ್ರಸಾದ್ ಕಾದ ಸಿಮೆಂಟು ರಸ್ತೆಯ ಮೇಲೆ ಬರಿಗಾಲು ಎತ್ತಿ ಎತ್ತಿ ಇಡುತ್ತ ಚಟ್ಟದ ಹಿಂದೆ ನಡೆದರು.